ನೀಲಿಕಲ್ಲಿನಲ್ಲಿ ಔಷಧದ ಅಂಶ ಅಳೆಯುವುದು: ಪಂಜರದಿಂದ ಪ್ರಯೋಗಾಲಯದವರೆಗೆ

ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್, ನೋವಿಗೆ ನುಂಗುವ ಡೈಕ್ಲೋಫೆನಾಕ್ ಇವೆರಡೂ ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ಪೂರ್ತಿ ಒಡೆಯುವುದಿಲ್ಲ. ಉಳಿದದ್ದು ಹೊಳೆ ಹಿಡಿದು ಕಡಲು ಸೇರುತ್ತದೆ. ಅದನ್ನು ಹುಡುಕಲು ನಮ್ಮ ಕರಾವಳಿಯಲ್ಲಿ ಒದಗುವ ಜೀವಿ ನೀಲಿಕಲ್ಲು, ಅಂದರೆ ನೀರು ಸೋಸಿ ತಿನ್ನುವ ಎರಡು ಚಿಪ್ಪಿನ ಜೀವಿ, ಮಂಗಳೂರು ಕಡೆಯವರ ಪಚ್ಚಿಲೆ. ಆದರೆ ಸೀಸ, ಕ್ಯಾಡ್ಮಿಯಂ ಅಳೆಯುವ ಕ್ರಮವನ್ನೇ ಇಲ್ಲಿಗೂ ತಂದರೆ ಕೆಲಸ ಕೆಡುತ್ತದೆ. ಲೋಹ ಮಾಂಸದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಔಷಧ ಬೇಗ ಹೊರಹೋಗುತ್ತದೆ. ನಿಮಗೆ ಸಿಗುವ ಅಂಕಿ ಹೆಚ್ಚೆಂದರೆ ಕಳೆದ ಕೆಲವು ದಿನಗಳದ್ದು.

ಪಂಜರ

ನೀಲಿಕಲ್ಲನ್ನು ಪಂಜರದಲ್ಲಿಟ್ಟು ನೀರಿಗೆ ಇಳಿಬಿಡುವ ಕೆಲಸವನ್ನು ನವೆಂಬರ್ ಕೊನೆಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ಅಳಿವೆಯ ಉಪ್ಪಿನಂಶ ಇಳಿದಾಗ ನೀಲಿಕಲ್ಲು ಚಿಪ್ಪು ಮುಚ್ಚಿ ಸೋಸುವುದನ್ನೇ ನಿಲ್ಲಿಸುತ್ತದೆ. ಆಗ ಬರುವ ಕಡಿಮೆ ಅಂಕಿ ನೀರು ಶುದ್ಧವಾಗಿದೆ ಎಂದು ಹೇಳುವುದಿಲ್ಲ.

ಕೊಳಚೆ ಸೇರದ ಒಂದೇ ಜಾಗದಿಂದ 50–60 ಮಿ.ಮೀ. ಉದ್ದದವನ್ನು ಆರಿಸಿ. ಬಂಡೆಗೆ ಅಂಟಿದ ನಾರನ್ನು ಕತ್ತರಿಯಿಂದ ಕತ್ತರಿಸಬೇಕು; ಎಳೆದು ಕಿತ್ತರೆ ಒಳಗಿನ ಅಂಗಕ್ಕೆ ಗಾಯವಾಗಿ ಕೆಲವೇ ದಿನಗಳಲ್ಲಿ ಸಾಯುತ್ತವೆ. ಪಂಜರಕ್ಕೆ 30ರಂತೆ, ಪ್ರತಿ ಸ್ಥಳಕ್ಕೆ ಮೂರು ಪಂಜರ, ಇಳಿತದಲ್ಲೂ ಮುಳುಗಿರುವಂತೆ 1–2 ಮೀಟರ್ ಆಳದಲ್ಲಿ 28 ದಿನ ಕಟ್ಟಿ. ಕೊಳಚೆಯಿಂದ ದೂರದ ಒಂದು ಹೋಲಿಕೆಯ ಸ್ಥಳವೂ ಬೇಕು. ಇಳಿಬಿಡುವ ದಿನವೇ 30 ನೀಲಿಕಲ್ಲನ್ನು ತೆಗೆದು ಶೈತ್ಯೀಕರಿಸಿ, ಅದು ಸೊನ್ನೆ ದಿನದ ಮಾದರಿ. ವಾರಕ್ಕೊಮ್ಮೆ ಬಲೆಯ ಮೇಲಿನ ಪಾಚಿ ಕೆರೆಯದಿದ್ದರೆ ಒಳಗೆ ನೀರಾಡುವುದಿಲ್ಲ.

ದೋಣಿಯಲ್ಲಿರುವವರು ಬೆನ್ನಿಗೆ ಡೈಕ್ಲೋಫೆನಾಕ್ ಮುಲಾಮು ಹಚ್ಚಿಕೊಂಡು ಬಂದರೆ ಇಡೀ ತಂಡದ ಶ್ರಮ ವ್ಯರ್ಥ. ನೈಟ್ರೈಲ್ ಕೈಗವಸು ಕಡ್ಡಾಯ. ಕೆಫೀನ್ ಅಳೆಯುವುದಿದ್ದರೆ ಕಾಫಿ ಫ್ಲಾಸ್ಕ್ ದಡದಲ್ಲೇ ಇರಲಿ.

ಎತ್ತಿದ ಮೇಲೆ

ಹೊಟ್ಟೆಯ ಕೆಸರು ಹೋಗಲೆಂದು ಶುದ್ಧ ನೀರಿನಲ್ಲಿ ಒಂದೆರಡು ದಿನ ಇಡುವುದು ಲೋಹದ ಕೆಲಸದ ರೂಢಿ. ಇಲ್ಲಿ ಬೇಡ, ಅಷ್ಟರಲ್ಲಿ ಔಷಧವೂ ಹೋಗಿರುತ್ತದೆ. ಫಾಯಿಲ್‌ನಲ್ಲಿ ಸುತ್ತಿ, ಮಂಜುಗಡ್ಡೆಯಲ್ಲಿಟ್ಟು, ಅದು ಕರಗಿದ ನೀರು ತಾಗದಂತೆ ತಂದು, ಅದೇ ದಿನ ಚಿಪ್ಪು ಬಿಡಿಸಿ. ಹತ್ತರ ಮಾಂಸ ಸೇರಿಸಿ ಒಂದು ಮಾದರಿ ಮಾಡಿ, −20 ಡಿಗ್ರಿಯಲ್ಲಿಟ್ಟು, ಫ್ರೀಜ್ ಡ್ರೈ (ಹೆಪ್ಪುಗಟ್ಟಿದ್ದನ್ನು ನಿರ್ವಾತದಲ್ಲಿ ಒಣಗಿಸುವುದು) ಮಾಡಿ ಪುಡಿ ಮಾಡಿ. ಒಣಗುವ ಮುಂಚಿನ ಮತ್ತು ನಂತರದ ತೂಕ ಬರೆದಿಡಿ.

ಹೊರತೆಗೆಯುವುದು

50 ಮಿ.ಲೀ. ಟ್ಯೂಬಿಗೆ 0.5 ಗ್ರಾಂ ಪುಡಿ, ತಲಾ 50 ನ್ಯಾನೋಗ್ರಾಂ ಡ್ಯುಟೀರಿಯಂ (ಭಾರ ಹೈಡ್ರೋಜನ್) ಗುರುತಿನ ಕಾರ್ಬಮಜೆಪಿನ್ ಮತ್ತು ಡೈಕ್ಲೋಫೆನಾಕ್, 10 ಮಿ.ಲೀ. ನೀರು ಹಾಕಿ ಅರ್ಧ ಗಂಟೆ ಬಿಡಿ. ಶೇ. 1 ಫಾರ್ಮಿಕ್ ಆಮ್ಲ ಬೆರೆಸಿದ 10 ಮಿ.ಲೀ. ಅಸಿಟೋನೈಟ್ರೈಲ್ ಹಾಕಿ ಕುಲುಕಿ. ಆಮ್ಲ ಬಿಡಬೇಡಿ: ಡೈಕ್ಲೋಫೆನಾಕ್ ವಿದ್ಯುದಾವೇಶವಿಲ್ಲದ ರೂಪದಲ್ಲಿದ್ದರೆ ಮಾತ್ರ ದ್ರಾವಕಕ್ಕೆ ಸಲೀಸಾಗಿ ಬರುತ್ತದೆ. 4 ಗ್ರಾಂ ಜಲರಹಿತ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು ಸುರಿದ ಕ್ಷಣವೇ ಜೋರಾಗಿ ಕುಲುಕಿ. ತಡಮಾಡಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. 4000 ಆರ್‌ಪಿಎಂನಲ್ಲಿ ಹತ್ತು ನಿಮಿಷ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ.

ಮೇಲಿನ ಪದರವನ್ನು ರಾತ್ರಿಯಿಡೀ −20ರಲ್ಲಿಟ್ಟರೆ ಕೊಬ್ಬಿನ ಬಹುಪಾಲು ಹೆಪ್ಪುಗಟ್ಟುತ್ತದೆ. ಉಳಿದದ್ದಕ್ಕೆ ಮಿ.ಲೀ.ಗೆ 50 ಮಿ.ಗ್ರಾಂ ಕೊಬ್ಬು ಹೀರುವ ಸಿ18 ಪುಡಿ ಸಾಕು. ಕೀಟನಾಶಕದವರು ಬಳಸುವ ಪಿಎಸ್‌ಎ ಪುಡಿ ಬೇಡ, ಅದು ಡೈಕ್ಲೋಫೆನಾಕ್‌ನಂಥ ಆಮ್ಲೀಯ ಔಷಧಗಳನ್ನೂ ಹಿಡಿದುಕೊಳ್ಳುತ್ತದೆ. 5 ಮಿ.ಲೀ.ಯನ್ನು ನೈಟ್ರೋಜನ್ ಗಾಳಿಯಲ್ಲಿ 40 ಡಿಗ್ರಿಗೆ ಆರಿಸಿ, ಅರ್ಧ ಮಿ.ಲೀ. ಮೆಥನಾಲ್–ನೀರಿನಲ್ಲಿ ಕರಗಿಸಿ, ಸೋಸಿ, ಅಣುಗಳನ್ನು ಬೇರ್ಪಡಿಸಿ ರಾಶಿಯಿಂದ ಗುರುತಿಸುವ ಎಲ್‌ಸಿ-ಎಂಎಸ್/ಎಂಎಸ್ ಯಂತ್ರಕ್ಕೆ ಕೊಡಿ. ಕಾರ್ಬಮಜೆಪಿನ್‌ಗೆ ಮೂಲ ಅಯಾನಿನ ರಾಶಿ 237ರಿಂದ ತುಂಡಿನ ರಾಶಿ 194, ಡೈಕ್ಲೋಫೆನಾಕ್‌ಗೆ 296ರಿಂದ 214, ಎರಡೂ ಧನ ಅಯಾನಿನಲ್ಲಿ.

ಲೆಕ್ಕ

ಒಟ್ಟಿಗೆ ಓಡಿಸುವ ಪ್ರತಿ ಕಂತಿನ ಮಾದರಿಗಳ ಜೊತೆ ನೀಲಿಕಲ್ಲಿನ ಪುಡಿ ಬಿಟ್ಟು ಉಳಿದೆಲ್ಲ ಹಾಕಿದ ಒಂದು ಖಾಲಿ ಟ್ಯೂಬ್, ಗೊತ್ತಿರುವಷ್ಟು ಔಷಧ ಬೆರೆಸಿದ ಒಂದು ಮಾದರಿ ಓಡಲಿ. ಬೆರೆಸಿದ್ದರಲ್ಲಿ ಶೇ. 70ರಿಂದ 120 ವಾಪಸು ಸಿಗಬೇಕು. ಖಾಲಿ ಟ್ಯೂಬಿನಲ್ಲೇ ಔಷಧ ಕಂಡರೆ ಆ ಕಂತಿನ ಫಲಿತಾಂಶ ಬಳಸಬೇಡಿ, ಮೊದಲು ಗಾಜಿನ ಸಾಮಾನು, ಕೈಗವಸು ನೋಡಿ.

ಗುರುತಿನ ಔಷಧವನ್ನು ಮೊದಲಿಗೇ ಹಾಕಿರುವುದರಿಂದ ದಾರಿಯಲ್ಲಾದ ನಷ್ಟ ಅನುಪಾತದಲ್ಲೇ ಸರಿಹೋಗುತ್ತದೆ. ಮಾದರಿಯ ಔಷಧಕ್ಕೂ ಗುರುತಿನ ಔಷಧಕ್ಕೂ ಯಂತ್ರ ಕೊಡುವ ಸಂಕೇತಗಳ ಅನುಪಾತ 0.04 ಬಂದು, ಎರಡೂ ಸಮಾನವಾಗಿ ಸ್ಪಂದಿಸುತ್ತಿದ್ದರೆ, 50ರಲ್ಲಿ 2 ನ್ಯಾನೋಗ್ರಾಂ, 0.5ರಿಂದ ಭಾಗಿಸಿದರೆ ಒಣ ತೂಕದ ಗ್ರಾಂಗೆ 4. ಇದನ್ನು ಮತ್ತೆ ವಾಪಸಾತಿ ಶೇಕಡದಿಂದ ಭಾಗಿಸುವವರಿದ್ದಾರೆ. ಹಾಗೆ ಮಾಡಿದರೆ ತಿದ್ದುಪಡಿ ಎರಡು ಸಲ ಆಗಿ ಅಂಕಿ ಉಬ್ಬುತ್ತದೆ.