ಕೈಗೊಂದು ಕೆಲಸ ಕೊಟ್ಟೆ, ಅಪ್ಪನ ಪಾತ್ರ ಉಳಿಯಿತು

ಹೀರೋಯಿನ್ ಅಪ್ಪನ ಪಾತ್ರದ ಆಯಸ್ಸು ಎಷ್ಟು ಅಂತ ನಮ್ಮ ಸೀರಿಯಲ್ ಫೀಲ್ಡ್‌ನವರಿಗೆ ಹೇಳಬೇಕಾಗಿಲ್ಲ. ಮದುವೆ ಟ್ರ್ಯಾಕ್ ಮುಗಿದರೆ ಅಪ್ಪ ಗೋಡೆ ಮೇಲೆ ಹಾರ ಹಾಕಿದ ಫೋಟೋ. ನಾನು ಹಾಗೆ 3 ಸಲ ಫೋಟೋ ಆಗಿದ್ದೇನೆ. ಆದರೆ ಹೋದ ಸೀರಿಯಲ್‌ನಲ್ಲಿ 800 ಚಿಲ್ಲರೆ ಎಪಿಸೋಡ್ ಬದುಕಿದ್ದೆ, ಕೊನೇ ದಿನದ ಕೊನೇ ಶಾಟ್‌ವರೆಗೂ.

ಮಾಡಿದ್ದು ಇಷ್ಟೆ. ಯಾವ ಸೀನ್‌ನಲ್ಲೂ ಸುಮ್ನೆ ನಿಲ್ಲಲಿಲ್ಲ. ಕೈಗೆ ನಿಜವಾದ ಒಂದು ಕೆಲಸ ಕೊಟ್ಟೆ. ಅವರೆಕಾಯಿ ಸುಲಿಯುವುದು, ಛತ್ರಿ ಕಡ್ಡಿ ಸರಿಮಾಡುವುದು, ಮೊಮ್ಮಗಳ ಪುಸ್ತಕಕ್ಕೆ ಬೈಂಡ್ ಹಾಕುವುದು.

ಮೊದಲ ಸಲ ಕೇಳಿದಾಗ ಎಲ್ಲರೂ ಬೇಡ ಅಂದರು. "ಸರ್, ದಿನಕ್ಕೊಂದು ಎಪಿಸೋಡ್ ಎತ್ತಬೇಕು. ನಿಮ್ಮ ಅವರೆಕಾಯಿ ಕಂಟಿನ್ಯೂಟಿ ಯಾರು ನೋಡ್ಕೋತಾರೆ?" ಅಂದರು ಅಸೋಸಿಯೇಟ್ ಡೈರೆಕ್ಟರ್. ಆದರೂ ಮಾಡಿದೆ. ಅವರು ಹೇಳಿದಂತೆಯೇ ಆಯಿತು. ಇಡೀ ಸೀನ್ ಕಾಣುವ ಮಾಸ್ಟರ್ ಶಾಟ್‌ನಲ್ಲಿ ತಟ್ಟೆ ಅರ್ಧ ಇತ್ತು, ಎದುರಿನವರ ಭುಜದ ಮೇಲಿಂದ ತೆಗೆಯುವ ಸಜೆಷನ್‌ನಲ್ಲಿ ತುಂಬಿತ್ತು, ಆ ಕಡೆಯಿಂದ ತೆಗೆಯುವ ರಿವರ್ಸ್‌ನಲ್ಲಿ ಮತ್ತೆ ಖಾಲಿ. ಸಂಜೆ ಎಡಿಟರ್ ಫೋನ್ ಮಾಡಿದರು. ಮಾರನೇ ದಿನ 3 ಗಂಟೆ ರೀಶೂಟ್. ಆಗ, 2006ರ ಸುಮಾರಿಗೆ, ನನಗೆ ದಿನಕ್ಕೆ 1,000 ರೂಪಾಯಿ ಆಸುಪಾಸು. ತಿಂಗಳಿಗೆ 7-8 ದಿನ ಕೆಲಸ. ಆ ದಿನದ ದುಡ್ಡು ಹಿಡಿದುಕೊಂಡರು. ಮುಂದಿನ ವಾರ ನನಗೆ ಹಾರ್ಟ್ ಅಟ್ಯಾಕ್ ಬರೆದರು. ಬಾಕಿ ಚೆಕ್ ಬಂದದ್ದು 4 ತಿಂಗಳಿಗೆ, ಅದೂ ಟಿಡಿಎಸ್ ಹಿಡಿದು. ಮನೆ ಬಾಡಿಗೆ ಕಟ್ಟಿದ್ದು ನನ್ನ ಹೆಂಡತಿ, ಸೀರೆಗೆ ಫಾಲ್ಸ್ ಹಾಕಿ, ಕುಚ್ಚು ಕಟ್ಟಿ.

ದಾರಿ ತೋರಿಸಿದ್ದೂ ಆ ಕುಚ್ಚೇ. ಅವಳು ತಂಗಿ ಜೊತೆ ಫೋನ್‌ನಲ್ಲಿ ಮಾತಾಡುತ್ತಲೇ ಕುಚ್ಚು ಕಟ್ಟುತ್ತಿದ್ದಳು. ಒಂದು ದಾರವೂ ಲೆಕ್ಕ ತಪ್ಪುತ್ತಿರಲಿಲ್ಲ. ಒಂದು ದಿನ ಆ ಕಡೆಯಿಂದ ಏನೋ ಕೆಟ್ಟ ಸುದ್ದಿ ಬಂತು. ಮುಖ ಹಾಗೇ ಇತ್ತು. ಕೈ ನಿಂತಿತು. ನಾನು ಎದುರಿಗೆ ಕೂತು ನೋಡುತ್ತಿದ್ದೆ. ಇದೇ ರಿಯಾಕ್ಷನ್ ಅಲ್ವಾ ಅನ್ನಿಸಿತು. ನಡೆಯುತ್ತಿರುವ ಕೈ ನಿಲ್ಲುವುದು!

ಮುಖವೇ ತುಂಬುವ ಕ್ಲೋಸ್ ಶಾಟ್‌ನಲ್ಲಿ ಕೈ ಫ್ರೇಮಿಗೇ ಬರಲ್ಲ ಅಂತ ಕೆಲವರು ವಾದ ಮಾಡಿದರು. ಕೈ ಬರಲ್ಲ, ನಿಜ. ಭುಜ ಬರುತ್ತದೆ. ಭುಜ ನಿಂತದ್ದು ನೋಡುವವರಿಗೆ ಗೊತ್ತಾಗುತ್ತದೆ. ನಾಟಕದಲ್ಲಿ ರವೀಂದ್ರ ಕಲಾಕ್ಷೇತ್ರದ ಕೊನೇ ಸಾಲಿಗೆ ಕೇಳುವ ಹಾಗೆ ಮಾತಾಡಿ ಅಭ್ಯಾಸ ಆದ ನನಗೆ ಇಷ್ಟು ಅರ್ಥ ಆಗಲು ವರ್ಷಗಳು ಬೇಕಾದವು.

2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ಮನೆಯಲ್ಲಿ ಬೆಳ್ಳುಳ್ಳಿ ಹಿಡಿದು ಕೂತೆ. ಒಂದು ಮಾತಿಗೆ ಒಂದು ಎಸಳು. ಯಾವ ಪದಕ್ಕೆ ಸಿಪ್ಪೆ ಬಿಡಬೇಕು ಅಂತ ಮಾತಿಗೇ ಕಟ್ಟಿಹಾಕಿದೆ. ಟೇಕ್ ಎಷ್ಟು ಆದರೂ ಲೆಕ್ಕ ಒಂದೇ. ಶಾಟ್‌ನಿಂದ ಶಾಟ್‌ಗೆ ತಟ್ಟೆಯ ರಾಶಿ ಒಂದೇ ಥರ ಕಾಣಲು ಇನ್ನೊಂದು ಉಪಾಯ ಇದೆ. ಅದು ತಟ್ಟೆಯ ತಳದಲ್ಲಿದೆ ಅಂತ ಮಾತ್ರ ಹೇಳುತ್ತೇನೆ.

ಕೈ ಹೀಗೆ ಕೆಲಸ ಮಾಡುತ್ತಿದ್ದರೆ ಪಕ್ಕದಿಂದ ಮಾತು ಹೇಳಿಕೊಡುವ ಪ್ರಾಂಪ್ಟಿಂಗ್ ಕಿವಿಗೆ ಹೋಗಲ್ಲ. ಮಾತು ಬಾಯಿಪಾಠ ಬೇಕೇ ಬೇಕು. ಸೀನ್ ಪೇಪರ್ ಬಿಸಿಬಿಸಿಯಾಗಿ ವಾಟ್ಸಾಪ್‌ಗೆ ಬರುವ ಕಾಲದಲ್ಲಿ ಇದು ಕಷ್ಟ. ನಾನು ಮೇಕಪ್ ಕುರ್ಚಿಯಲ್ಲೇ ಮುಗಿಸುತ್ತೇನೆ.

ಇದರ ಜೊತೆಗೆ ಬೇರೆ ಒಂದೆರಡನ್ನೂ ಮಾಡಿ ನೋಡಿದೆ. ಗಂಜಿ ಹಾಕಿದ ಅಂಗಿ ಬಿಟ್ಟೆ, ಅಂಗಿಗೆ ಸಿಕ್ಕಿಸುವ ಲೇಪಲ್ ಮೈಕಿಗೆ ಸರಸರ ಸದ್ದು ಹೋಗುತ್ತಿತ್ತು. ಕನ್ನಡಕದ ಗಾಜು ತೆಗೆಸಿದೆ, ಲೈಟ್ ಹೊಡೆಯುವುದು ನಿಂತಿತು. ನಶ್ಯ ಏರಿಸುವ ಅಭ್ಯಾಸ ಹಾಕಿಕೊಂಡು ನೋಡಿದೆ. ಟೇಕ್ ಮಧ್ಯೆ ಸೀನು ಬಂದು ಅದನ್ನು ಬಿಟ್ಟೆ.

2021ರ ಕೊರೊನಾ ಎರಡನೇ ಅಲೆಯಲ್ಲಿ ಕರ್ನಾಟಕದಲ್ಲಿ ಶೂಟಿಂಗ್‌ಗೆ ಅವಕಾಶ ಇರಲಿಲ್ಲ. ನಮ್ಮದೂ ಸೇರಿ ಹಲವು ಯೂನಿಟ್‌ಗಳು ಹೈದರಾಬಾದ್‌ನ ರಾಮೋಜಿ ಫಿಲ್ಮ್ ಸಿಟಿಗೆ ಹೋದವು. ಅಲ್ಲಿ ಮಗಳು ಸೂಟ್‌ಕೇಸ್ ಹಿಡಿದು ಗಂಡನ ಮನೆ ಬಿಟ್ಟು ಬರುವ ಸೀನ್. "ಏನಮ್ಮಾ, ಇಷ್ಟು ಹೊತ್ತಲ್ಲಿ?" ಅನ್ನುವ ಒಂದೇ ಮಾತು ನನಗೆ. ನಾನು ಬಟಾಣಿ ಸುಲಿಯುತ್ತಿದ್ದೆ. ಅವಳು ಹೊಸಿಲಲ್ಲಿ ನಿಂತಳು. ಕೈ ನಿಂತಿತು. ಬೆರಳ ಮಧ್ಯೆ ಇದ್ದ ಒಂದು ಕಾಳು ಸ್ಟೀಲ್ ತಟ್ಟೆಗೆ ಬಿತ್ತು. ಟಣ್ ಅಂತ ಸದ್ದು. ನಾನು ಮಾತು ಹೇಳಲಿಲ್ಲ. ಡೈರೆಕ್ಟರ್ ಕಟ್ ಅನ್ನಲಿಲ್ಲ. ಆ ಹುಡುಗಿ ಗ್ಲಿಸರಿನ್ ಇಲ್ಲದೆ ಅತ್ತಳು.

ಸೀನ್ ಪ್ರಸಾರ ಆದ ವಾರ ರೈಟರ್ ತಾವೇ ಫೋನ್ ಮಾಡಿದರು. ತಿಂಗಳಿಗೆ 5 ಡೇಟ್ ಇದ್ದದ್ದು 12 ಆಯಿತು. ದಿನಕ್ಕೆ 3,500 ಇದ್ದದ್ದು ವರ್ಷದೊಳಗೆ 6,000 ಹತ್ತಿರ ಬಂತು. ನನಗೆ ಬರೆದಿಟ್ಟಿದ್ದ ಆಕ್ಸಿಡೆಂಟ್ ತೆಗೆದರು ಅಂತ ಆಮೇಲೆ ಗೊತ್ತಾಯಿತು. ಬೇಡ ಅಂದಿದ್ದ ಅದೇ ಅಸೋಸಿಯೇಟ್ ಈಗ ಬೇರೆ ಯೂನಿಟ್‌ನಲ್ಲಿದ್ದಾರೆ. ಹೊಸ ಕಲಾವಿದರಿಗೆ ನನ್ನ ಕ್ಲಿಪ್ ಕಳಿಸುತ್ತಾರೆ.

ಈಗ ಒಪ್ಪಿಕೊಂಡಿರುವುದು ವಾಚ್ ರಿಪೇರಿ ಮಾಡುವ ಅಪ್ಪನ ಪಾತ್ರ. ಅವೆನ್ಯೂ ರಸ್ತೆ ಕಡೆ ಒಂದು ಅಂಗಡಿಯಲ್ಲಿ ದಿನಾ ಬೆಳಿಗ್ಗೆ 2 ಗಂಟೆ ಕೂರುತ್ತಿದ್ದೇನೆ. ಹಿಂದಿನ ಮುಚ್ಚಳ ತೆಗೆಯುವುದು ಬಂತು. ಸ್ಕ್ರೂ ಇನ್ನೂ ಚಿಮಟದಿಂದ ಜಾರುತ್ತಿದೆ. ಶೂಟಿಂಗ್‌ಗೆ ಇನ್ನು 10 ದಿನ ಇದೆ.