ಡಬ್ಬಿಯ ಸಣ್ಣ ಅಕ್ಷರ ಓದದೆ ಕಣ್ಣಿಗೆ ಬಿಟ್ಟ ಮದ್ದುಗಳು

ನನ್ನದು ಡಿಟಿಪಿ ಕೆಲಸ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಆಟದ ಹ್ಯಾಂಡ್‌ಬಿಲ್ಲು, ಅರ್ಧ ಕನ್ನಡ, ಅರ್ಧ ಮಲಯಾಳ. ದಿನಕ್ಕೆ ಎಂಟೊಂಬತ್ತು ಗಂಟೆ ಸ್ಕ್ರೀನ್ ಮುಂದೆ, ತಲೆಯ ಮೇಲೆ ಸರಿಯಾಗಿ ಫ್ಯಾನು. ಅದು ಸಾಲದು ಅಂತ ಕುಂಬಳೆಯಿಂದ ಕಾಸರಗೋಡಿಗೆ ಬೈಕು. ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಹೆಲ್ಮೆಟ್ಟಿನ ಗಾಜು ಇಳಿಸಿದರೂ ಕೆಂಪು ಧೂಳು ಒಳಗೆ ಬರುತ್ತಿತ್ತು.

ಸಂಜೆ ನಾಲ್ಕಾಗುವಾಗ ಕಣ್ಣಲ್ಲಿ ಹೊಯಿಗೆ ಬಿದ್ದ ಹಾಗೆ. ಬೈಕಿನಲ್ಲಿ ಹೋಗುವಾಗ ಮಾತ್ರ ಧಾರಾಳ ನೀರು. ನೀರು ಸುರಿಯುವ ಕಣ್ಣು ಒಣಗಿದೆ ಅಂದರೆ ಯಾರು ನಂಬುತ್ತಾರೆ? ಆಮೇಲೆ ಗೊತ್ತಾಯಿತು, ಕಣ್ಣು ಒಣಗಿ ಉರಿದಾಗಲೇ ಹಾಗೆ ಒಮ್ಮೆಲೇ ನೀರು ಬರುವುದು. ಆ ನೀರು ಕಣ್ಣಲ್ಲಿ ನಿಲ್ಲುವುದಿಲ್ಲ, ಕೆನ್ನೆಗೆ ಇಳಿದು ಹೋಗುತ್ತದೆ.

ಅಮ್ಮ ನಂದಿಬಟ್ಟಲು ಹೂವು ನೀರಿಗೆ ಹಾಕಿಟ್ಟು ಅದರಲ್ಲಿ ಕಣ್ಣು ತೊಳಿ ಅಂದರು. ತಂಪಾಯಿತು, ಅಷ್ಟೇ. ಆ ನೀರಲ್ಲಿ ಏನೇನು ಇರುತ್ತದೋ ಅಂತ ಈಗ ಹೆದರಿಕೆಯಾಗುತ್ತದೆ. ಪಕ್ಕದ ಅಂಗಡಿಯವರು ಇಳನೀರ್ ಕುಳಂಬು ಅಂತ ಕಣ್ಣಿಗೆ ಬಿಡುವ ಆಯುರ್ವೇದದ ಮದ್ದು ಕೊಟ್ಟರು. ಹೆಸರು ಕೇಳಿದರೆ ತಂಪು, ಬಿಟ್ಟರೆ ಗಾಂಧಾರಿ ಮೆಣಸು! ಹತ್ತು ನಿಮಿಷ ಕುರ್ಚಿ ಹಿಡಿದು ಕೂತಿದ್ದೆ.

ಆಮೇಲೆ ಮೆಡಿಕಲ್ಲಿಗೆ ಹೋಗಿ ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ ಅಂದೆ. ನಾನು ಮಾಡಿದ ಮೊದಲ ತಪ್ಪು ಇದೇ. ಕೆಂಪಿಗೆ ಮದ್ದು ಕೇಳಿದೆ, ಕೆಂಪಿಗೆ ಮದ್ದು ಸಿಕ್ಕಿತು. ಬಿಟ್ಟ ಹತ್ತು ನಿಮಿಷಕ್ಕೆ ಕಣ್ಣು ಬೆಳ್ಳಗೆ. ಎರಡು ವಾರ ಖುಷಿಯಲ್ಲಿ ಬಿಟ್ಟೆ. ಮತ್ತೆ ಬಿಡದಿದ್ದರೆ ಮೊದಲಿಗಿಂತ ಜಾಸ್ತಿ ಕೆಂಪು! ಅದರಲ್ಲಿದ್ದದ್ದು ನಫಜೋಲಿನ್. ಅದು ಕಣ್ಣಿನ ರಕ್ತನಾಳವನ್ನು ಸಣ್ಣ ಮಾಡುತ್ತದೆ, ಮದ್ದು ನಿಲ್ಲಿಸಿದ ಕೂಡಲೇ ನಾಳ ಮತ್ತೆ ಉಬ್ಬುತ್ತದೆ. ಒಣಗಿದ ಕಣ್ಣಿಗೆ ಅದರಿಂದ ಒಂದು ಹನಿ ಉಪಕಾರ ಇಲ್ಲ.

ಎರಡನೇ ಸಲ ಬೇರೆ ಅಂಗಡಿ. ಅಲ್ಲಿಯವನು ಏನೂ ಕೇಳದೆ ಒಂದು ಸಣ್ಣ ಬಾಟಲಿ ಕೊಟ್ಟು "ಇದು ಸ್ಟ್ರಾಂಗ್ ಚೇಟಾ, ಮೂರು ದಿನದಲ್ಲಿ ಸರಿಯಾಗುತ್ತದೆ" ಅಂದ. ಸರಿ ಆಯಿತು ಕೂಡ. ಮನೆಗೆ ಬಂದ ಭಾವ ಡಬ್ಬಿ ತಿರುಗಿಸಿ ನೋಡಿ, "ಇದರಲ್ಲಿ ಡೆಕ್ಸಾಮೆಥಸೋನ್ ಉಂಟಲ್ಲ ಮಾರಾಯ, ಸ್ಟಿರಾಯ್ಡು, ಚೀಟಿ ಇಲ್ಲದೆ ಇದನ್ನು ಕೊಡಲಿಕ್ಕೇ ಇಲ್ಲ" ಅಂದರು. ತುಂಬ ದಿನ ಬಿಟ್ಟರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಅದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು ಬೇರೆ ಮಾತು. ತೋಟದಲ್ಲಿ ಅಡಿಕೆ ಸೋಗೆಯೋ ಹುಲ್ಲೋ ಕಣ್ಣಿಗೆ ತಾಗಿ ಫಂಗಸ್ ಹಿಡಿದಿದ್ದರೆ, ಈ ಸ್ಟಿರಾಯ್ಡ್ ಅದಕ್ಕೆ ಗೊಬ್ಬರ ಹಾಕಿದ ಹಾಗೆ. ನಮ್ಮ ಊರಲ್ಲಿ ಹುಲ್ಲು ತಾಗದ ಕಣ್ಣು ಯಾವುದು?

ದಿನವಿಡೀ ಬೇರೆಯವರ ಕಾಗದದಲ್ಲಿ ಒತ್ತು, ದೀರ್ಘ ಹುಡುಕುವವನು ನನ್ನ ಕಣ್ಣಿಗೆ ಬಿಡುವ ಮದ್ದಿನ ಡಬ್ಬಿ ಓದಿರಲಿಲ್ಲ. ನಾಚಿಕೆಯಾಯಿತು.

ಮರುದಿನ ಜನೌಷಧಿಗೆ ಹೋಗಿ ಹೆಸರು ಹಿಡಿದೇ ಕೇಳಿದೆ: ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, 0.5%. ಬಾಯಿ ತಿರುಗದಿದ್ದರೆ ಸಿಎಂಸಿ ಅಂದರೂ ಆಗುತ್ತದೆ. ಇದು ಕೃತಕ ಕಣ್ಣೀರು, ಕಣ್ಣನ್ನು ಒದ್ದೆ ಇಡುತ್ತದೆ, ಬೇರೇನೂ ಮಾಡುವುದಿಲ್ಲ, ನಮಗೆ ಬೇಕಾದ್ದೂ ಅಷ್ಟೇ. ಅದೇ ಸಿಎಂಸಿ, ಅದೇ 0.5%, ಅದೇ 10 ಎಂ.ಎಲ್., ಹೆಸರಿರುವ ಕಂಪೆನಿಯದ್ದಕ್ಕೆ ಕೊಡುವ ದುಡ್ಡಿನ ಅರ್ಧಕ್ಕಿಂತಲೂ ಕಮ್ಮಿಗೆ ಸಿಕ್ಕಿತು. ಇದೇ ಸಾಲಿನಲ್ಲಿ ಹೈಪ್ರೊಮೆಲೋಸ್ ಇದೆ, ಸೋಡಿಯಂ ಹಯಲುರೊನೇಟ್ ಇದೆ. ಹಯಲುರೊನೇಟ್ ಸ್ವಲ್ಪ ದುಬಾರಿ. 1% ಸಿಎಂಸಿ ದಪ್ಪ, ಬಿಟ್ಟ ಮೇಲೆ ಸ್ವಲ್ಪ ಹೊತ್ತು ಎಲ್ಲ ಮಂಜು ಮಂಜು. ಅದು ರಾತ್ರಿ ಮಲಗುವಾಗ ಒಳ್ಳೆಯದು, ಬೈಕು ಹತ್ತುವ ಮೊದಲು ಬೇಡ.

ಲೆಕ್ಕ ಹೇಳುತ್ತೇನೆ. ಒಂದು ಎಂ.ಎಲ್.ಗೆ ಹತ್ತಿರ ಹತ್ತಿರ 20 ಹನಿ, ಅಂದರೆ ಬಾಟಲಿಗೆ 200. ದಿನಕ್ಕೆ ಮೂರು ಸಲ, ಎರಡು ಕಣ್ಣಿಗೆ ಒಂದೊಂದು ಹನಿ, ತಿಂಗಳಿಗೆ 180. ತೆರೆದ ಬಾಟಲಿಯನ್ನು ಒಂದು ತಿಂಗಳಿಗೆ ಎಸೆಯಬೇಕು, ಹಾಗಾಗಿ ಎರಡೂ ಸರಿ ಹೊಂದುತ್ತದೆ. ಎರಡು ಮೂರು ಹನಿ ಸುರಿದರೆ ಲಾಭ ಇಲ್ಲ. ಕಣ್ಣು ಒಂದು ಹನಿಯನ್ನೇ ಪೂರ್ತಿ ಹಿಡಿದಿಡುವುದಿಲ್ಲ, ಉಳಿದದ್ದು ಕೆನ್ನೆಗೆ.

ಇನ್ನೊಂದು ಸಣ್ಣ ಅಕ್ಷರ ನೋಡಬೇಕು, ಬೆಂಜಾಲ್ಕೋನಿಯಂ ಕ್ಲೋರೈಡ್. ಬಾಟಲಿ ಕೆಡದ ಹಾಗೆ ಹಾಕುವುದು. ದಿನಕ್ಕೆ ಮೂರು ನಾಲ್ಕು ಸಲಕ್ಕೆ ಹೆಚ್ಚಿನವರಿಗೆ ತೊಂದರೆ ಇಲ್ಲ, ಅದಕ್ಕಿಂತ ಜಾಸ್ತಿ ಬಿಡುವವರಿಗೆ ಅದೇ ಉರಿ ಕೊಡಬಹುದು. ಅಂಥವರು ಪ್ರಿಸರ್ವೇಟಿವ್ ಇಲ್ಲದ್ದು ಕೇಳಬೇಕು, ದುಡ್ಡು ಜಾಸ್ತಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಲೆನ್ಸ್ ತೆಗೆದು, ಮದ್ದು ಬಿಟ್ಟು, ಹದಿನೈದು ನಿಮಿಷ ಕಾದು ಲೆನ್ಸ್ ಹಾಕಬೇಕು. ಸೀಲ್ ಒಡೆದದ್ದು ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. 2023ರಲ್ಲಿ ಅಮೆರಿಕದಲ್ಲಿ ಒಂದು ಕಂಪೆನಿಯ ಕೃತಕ ಕಣ್ಣೀರಿನಿಂದ ಸೋಂಕು ತಗಲಿ ಕೆಲವರ ದೃಷ್ಟಿಯೇ ಹೋಗಿತ್ತು.

ಬಿಡುವುದಕ್ಕೂ ಕ್ರಮ ಉಂಟು. ಕೈ ತೊಳೆದು, ಕೆಳಗಿನ ರೆಪ್ಪೆ ಎಳೆದು, ಆ ಕಿಸೆಯಲ್ಲಿ ಒಂದು ಹನಿ. ಬಾಟಲಿಯ ತುದಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಒಂದು ನಿಮಿಷ ಸುಮ್ನೆ ಕಣ್ಣು ಮುಚ್ಚಿ ಕೂರುವುದು, ಪಟಪಟ ಮಿಟುಕಿಸಿದರೆ ಮದ್ದು ಹೊರಗೆ.

ತುರಿಕೆಯೇ ಜಾಸ್ತಿ ಇದ್ದರೆ ಅದು ಅಲರ್ಜಿ ಇರಬಹುದು, ಈ ಬಾಟಲಿಗೆ ಪೂರ್ತಿ ಬಗ್ಗಲಿಕ್ಕಿಲ್ಲ. ನೋವು, ಕೀವು, ಬೆಳಕು ನೋಡಲಾಗದ್ದು, ದೃಷ್ಟಿ ಮಸುಕು, ಏನಾದರೂ ತಾಗಿದ್ದು, ಇದರಲ್ಲಿ ಒಂದಿದ್ದರೂ ಮೆಡಿಕಲ್ ಅಲ್ಲ, ಸೀದಾ ಕಣ್ಣಿನ ಡಾಕ್ಟರು.

ನನಗೆ ಎರಡು ವಾರದಲ್ಲಿ ಹೊಯಿಗೆ ಹೋಯಿತು. ಫ್ಯಾನು ಪಕ್ಕಕ್ಕೆ ತಿರುಗಿಸಿದ್ದೂ, ಇಪ್ಪತ್ತು ನಿಮಿಷಕ್ಕೊಮ್ಮೆ ರಸ್ತೆಯ ಆಚೆಯ ಬೋರ್ಡು ಓದುವುದೂ ಅದರಲ್ಲಿ ಪಾಲು ಇರಬೇಕು.

ತೆರೆದ ದಿನವನ್ನು ಬಾಟಲಿಯ ಮೇಲೆ ಮಾರ್ಕರಿನಲ್ಲಿ ಬರೆಯುತ್ತೇನೆ. ಕಳೆದ ತಿಂಗಳು ಇಪ್ಪತ್ತೇ ದಿನಕ್ಕೆ ಬಾಟಲಿ ಖಾಲಿ. ಲೆಕ್ಕ ತಪ್ಪಿತೇ ಅಂತ ನೋಡಿದರೆ, ಅಮ್ಮ ಧಾರಾವಾಹಿ ನೋಡುವಾಗ ಅದನ್ನೇ ಬಿಟ್ಟುಕೊಳ್ಳುತ್ತಿದ್ದರು. "ಒಂದೇ ಮದ್ದಲ್ವಾ?" ಅಂದರು. ಮದ್ದು ಒಂದೇ, ಬಾಟಲಿ ಬೇರೆ ಬೇರೆ ಇರಬೇಕು ಅಮ್ಮ ಅಂದೆ. ಈಗ ಎರಡು ತರುತ್ತೇನೆ, ಒಂದರ ಮುಚ್ಚಳದ ಮೇಲೆ "ಅ" ಅಂತ ದೊಡ್ಡದಾಗಿ ಬರೆದಿದೆ.