ಹಳೆಯ ಅಕ್ರಿಲಿಕ್ ಅಕ್ವೇರಿಯಂನ ಗೀರು ತೆಗೆದದ್ದು: ನನ್ನ ಅನುಭವ

ಧಾರವಾಡದಲ್ಲಿ ಬಾಗಿಲು ಮುಚ್ಚಿದ ಒಂದು ಹೋಟೆಲಿನ ಹಿತ್ತಿಲಲ್ಲಿ ಈ ಟ್ಯಾಂಕು ಹೊಟ್ಟೆಯ ತುಂಬ ಖಾಲಿ ಬಾಟಲಿಗಳನ್ನು ಇಟ್ಟುಕೊಂಡು ಬಿದ್ದಿತ್ತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಅಕ್ರಿಲಿಕ್, ಅಂದರೆ ಗಾಜಿನಂತೆ ಕಾಣುವ ಪ್ಲಾಸ್ಟಿಕ್; ಅದರ ಹಾಳೆಯ ದಪ್ಪ 12 ಮಿಲಿಮೀಟರ್. ಮಾಲೀಕರು 10,000 ರೂಪಾಯಿ ಹೇಳಿ 7,000ಕ್ಕೆ ಇಳಿದರು. ಅದೇ ಅಳತೆಯ ಹೊಸದಕ್ಕೆ ನನಗೆ ಹೇಳಿದ್ದ ದರ 48,000ದ ಆಸುಪಾಸಿನಲ್ಲಿತ್ತು. ಗಾಜಿನದಾಗಿದ್ದರೆ ಎತ್ತಲು ನಾಲ್ಕು ಆಳು ಬೇಕಾಗುತ್ತಿತ್ತು. ಇದು ಹೆಚ್ಚೆಂದರೆ 40 ಕಿಲೋ ಇದ್ದೀತು, ನಾನು ಮತ್ತು ಮಗ ಇಬ್ಬರೇ ಟೆಂಪೋಕ್ಕೆ ಏರಿಸಿ ಹುಬ್ಬಳ್ಳಿಯ ಉಣಕಲ್ಲಿನ ಮನೆಗೆ ತಂದೆವು.

ಬಿಸಿಲಿಗೆ ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ಯಾರೋ ಪಾತ್ರೆ ತಿಕ್ಕುವ ಉಕ್ಕಿನ ಜುಂಗಿನಿಂದ ಪಾಚಿ ಕೆರೆದಿದ್ದರು. ಅದರ ಮೇಲೆ, ಆಯಸ್ಕಾಂತದ ಕ್ಲೀನರ್‌ನೊಳಗೆ ಮರಳಿನ ಕಣ ಸಿಕ್ಕಿ ಎಳೆದ ಉದ್ದನೆಯ ಗೆರೆಗಳು. ಕೆಳಭಾಗದಲ್ಲಿ, ಗೋಡೆಗೆ ಅಂಟಿಕೊಂಡು ಪಾಚಿ ತಿನ್ನುವ ಸಕರ್ ಮೀನು ಹಲ್ಲಿನಿಂದ ಕೆರೆದ ಸಣ್ಣ ಸಣ್ಣ ಕಮಾನಿನಾಕಾರದ ಗುರುತುಗಳು ಗುಂಪುಗುಂಪಾಗಿದ್ದವು. ಹೊರಗಡೆ ಬೋರ್‌ವೆಲ್ ನೀರಿನ ಬಿಳಿ ಕಲೆಗಳು, ಅಂಟಿಸಿದ್ದ ಸ್ಟಿಕ್ಕರಿನ ಗೋಂದು. ಕೊಪ್ಪೀಕರ ರಸ್ತೆಯ ಕಡೆ ಬೋರ್ಡು ಮಾಡುವ ಪರಿಚಯದ ಹುಡುಗ ಬಂದು ನೋಡಿ, ‘ಇದನ್ನ ತಿಕ್ಕಾಕ ಹೋಗಬ್ಯಾಡ್ರಿ ಸರ, ಹಾಲಿನಂಗ ಬೆಳ್ಳಗ ಆಗತೈತಿ, ಮತ್ತ ತಿರುಗಿ ಬರಂಗಿಲ್ಲ’ ಎಂದ. ಬೆಳ್ಳಗಾಗುತ್ತದೆ ಎಂಬ ಮಾತು ನಿಜ. ತಿರುಗಿ ಬರುವುದಿಲ್ಲ ಎಂಬುದು ಮಾತ್ರ ಸುಳ್ಳಾಯಿತು. ಆದರೆ ಅದನ್ನು ತೋರಿಸಿಕೊಡಲು ನನಗೆ ಐದು ವಾರ ಬೇಕಾದವು.

ಮೊದಲ ತಪ್ಪು ಗೋಂದಿನಲ್ಲಿಯೇ ಆಯಿತು. ಬಲಗಡೆಯ ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ಪೇಂಟಿನ ಥಿನ್ನರ್ ಒರೆಸಿದೆ. ಹತ್ತು ನಿಮಿಷದೊಳಗೆ ಹಾಳೆಯ ಮೈಯಲ್ಲಿ ಜೇಡರ ಬಲೆಯಂಥ ಬಿರುಕುಗಳು ಮೂಡಿದವು. ಇವು ಗೀರಿನಂತೆ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ, ಒಳಕ್ಕೆ ಇಳಿದಿರುತ್ತವೆ, ತಿಕ್ಕಿದಷ್ಟೂ ಕಾಣುತ್ತಲೇ ಇರುತ್ತವೆ. ಉಳಿದ ಗೋಂದನ್ನು ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಧೋತರದ ತುಂಡಿನಿಂದ ತೆಗೆದು, ಸೋಪಿನ ನೀರಿನಲ್ಲಿ ಎರಡು ಸಲ ತೊಳೆದೆ, ಏನೂ ಆಗಲಿಲ್ಲ. ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕಾಯಿತು.

ಎರಡನೆಯದು ಅವಸರ. ಟೂತ್‌ಪೇಸ್ಟ್ ಹಚ್ಚಿ ಒಂದು ಭಾನುವಾರ ಕಳೆದ ಕಥೆಯನ್ನು ಇಲ್ಲಿ ಹೇಳುವುದಿಲ್ಲ, ಅದನ್ನು ಎಲ್ಲರೂ ಮಾಡಿಯೇ ಇರುತ್ತೀರಿ. ಅದಾದ ಮೇಲೆ 320 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ತಿಕ್ಕುವ ಉಜ್ಜುಕಾಗದ; ನಂಬರು ಹೆಚ್ಚಿದಷ್ಟೂ ನಯ) ನೇರವಾಗಿ 1000ಕ್ಕೆ ಹಾರಿದೆ. ಮೈ ನುಣುಪಾಯಿತು, ಕಾಂಪೌಂಡ್ ಎಂಬ ಪಾಲಿಶ್ ಪೇಸ್ಟು ಹಚ್ಚಿದಾಗ ಹೊಳಪೂ ಬಂತು, ಆದರೆ ಸಂಜೆಯ ಓರೆ ಬಿಸಿಲಿನಲ್ಲಿ 320ರ ಗೆರೆಗಳೆಲ್ಲ ಆ ಹೊಳಪಿನ ಕೆಳಗಿನಿಂದ ಎದ್ದು ನಿಂತವು. ಮುಂದಿನ ಪ್ರತಿಯೊಂದು ನಂಬರೂ ಹಿಂದಿನದರ ಗೆರೆಯನ್ನು ಪೂರ್ತಿ ತಿಂದು ಮುಗಿಸಬೇಕು. ತಿನ್ನದೆ ಉಳಿದದ್ದನ್ನು ಕೊನೆಯ ಪಾಲಿಶ್ ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ.

ಮೂರನೆಯದಕ್ಕೆ ದುಡ್ಡು ಹೆಚ್ಚು ಹೋಯಿತು. ಗ್ಯಾರೇಜಿನ ಗೆಳೆಯರೊಬ್ಬರಿಂದ ಆ್ಯಂಗಲ್ ಗ್ರೈಂಡರ್ ತಂದು, ಉಣ್ಣೆಯ ಪ್ಯಾಡ್ ಹಾಕಿ ತಿರುಗಿಸಿದೆ. ಅದರ ವೇಗ ನಿಮಿಷಕ್ಕೆ 11,000 ಸುತ್ತು. ಅಕ್ರಿಲಿಕ್ 100 ಡಿಗ್ರಿಯ ಹತ್ತಿರ ಮೆತ್ತಗಾಗುವ ವಸ್ತು ಎಂಬುದು ಗೊತ್ತಿದ್ದೂ ಕೈ ತಡೆಯಲಿಲ್ಲ. ರೂಪಾಯಿ ನಾಣ್ಯದಷ್ಟು ಜಾಗ ಕ್ಷಣದಲ್ಲಿ ಬೆಂದು, ಕೆನೆಗಟ್ಟಿದ ಹಾಲಿನಂತೆ ಸುಕ್ಕಾಯಿತು. ಆ ಒಂದು ಸುಕ್ಕನ್ನು ಮಟ್ಟ ಮಾಡಲು ಸುತ್ತಲಿನ ಒಂದು ಅಡಿ ಜಾಗವನ್ನು ಮತ್ತೆ 320ರಿಂದ ತಿಕ್ಕಬೇಕಾಯಿತು, ಏಕೆಂದರೆ ಗುರುತು ಇದ್ದಲ್ಲಿ ಮಾತ್ರ ತಿಕ್ಕಿದರೆ ಅಲ್ಲಿ ತಗ್ಗು ಬಿದ್ದು, ಒಳಗಿನ ಮೀನು ಆ ಜಾಗ ದಾಟುವಾಗ ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿದಂತೆ ಕಾಣುತ್ತದೆ.

ಕೊನೆಗೆ ಗೆದ್ದ ಕ್ರಮ ಹೀಗಿದೆ. ಉಗುರಿಗೆ ತಡೆಯುವ ಗೀರು ಇದ್ದಲ್ಲಿ 320ರಿಂದ, ತಡೆಯದಿದ್ದಲ್ಲಿ 800ರಿಂದ ಆರಂಭ. ಅಲ್ಲಿಂದ 400, 600, 800, 1000, 1500, 2000, 2500. ಸಾಗವಾನಿಯ ತುಂಡಿಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿ, ಅದಕ್ಕೆ ಕಾಗದ ಸುತ್ತಿಕೊಂಡೆ. ಬರಿ ಬೆರಳಿನಿಂದ ತಿಕ್ಕಿದರೆ ಬೆರಳಿನ ಸಾಲುಗಳೇ ಹಾಳೆಯಲ್ಲಿ ಉಳಿಯುತ್ತವೆ. ಒಂದು ನಂಬರು ಅಡ್ಡ, ಮುಂದಿನದು ಉದ್ದ. ಆಗ ಅಡ್ಡಗೆರೆ ಒಂದೂ ಉಳಿದಿಲ್ಲವೆಂಬುದು ಕಣ್ಣಿಗೆ ಖಾತ್ರಿಯಾಗುತ್ತದೆ. ನೀರಿನಲ್ಲಿ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಪ್ರತಿ ನಂಬರಿಗೂ ಬಕೀಟಿನ ನೀರು ಚೆಲ್ಲಿ, ಬಕೀಟು ತೊಳೆದು, ಕೈಯ ಉಗುರಿನ ಸಂದಿಯನ್ನೂ ಬ್ರಷ್ಷಿನಿಂದ ತಿಕ್ಕಿಕೊಳ್ಳಬೇಕು. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ. ನೀರು ಉಳಿಸಲು ಹೋಗಿ ಒಂದು ಸಲ ಹಳೆಯ ನೀರಿನಲ್ಲಿಯೇ 1500 ಅದ್ದಿದೆ. ಮೂರನೆಯ ಎಳೆತಕ್ಕೆ ‘ಕಿರ್ರ್’ ಎಂಬ ಸಣ್ಣ ಸದ್ದು ಬಂತು. ಒರೆಸಿ ನೋಡಿದರೆ ಮುಂಭಾಗದ ನಟ್ಟನಡುವೆ ಗೇಣುದ್ದದ ಹೊಸ ಗೀರು. ಬಕೀಟಿನ ತಳದಲ್ಲಿದ್ದ ಒಂದೇ ಒಂದು ದಪ್ಪ ಕಣ ಮರದ ತುಂಡಿನ ಅಂಚಿಗೆ ಅಂಟಿಕೊಂಡಿತ್ತು. ಮರಳಿ 600ಕ್ಕೆ ಇಳಿದೆ. ಎರಡು ಸಂಜೆ ಅದಕ್ಕೇ ಹೋಯಿತು.

ಪಾಲಿಶ್‌ಗೆ ವೇಗ ತಗ್ಗಿಸಬಹುದಾದ ಡ್ರಿಲ್ಲಿಗೆ ಫೋಮ್ ಪ್ಯಾಡ್ ಹಾಕಿ ಅಂದಾಜು 1,000 ಸುತ್ತಿನಲ್ಲಿ ಓಡಿಸಿದೆ. ಹಿಂಗೈ ಇಟ್ಟಾಗ ಬೆಚ್ಚಗಾಗಿದ್ದರೆ ನಿಲ್ಲಿಸಿ ಪಕ್ಕದ ಜಾಗಕ್ಕೆ ಹೋಗುತ್ತಿದ್ದೆ. ಕಾರಿನ ಕಾಂಪೌಂಡು ಎರಡು ಬಗೆಯದು, ಮೊದಲು ದಪ್ಪ, ಆಮೇಲೆ ನಯ. ಕೊನೆಯ ಒರೆಸುವಿಕೆಗೆ ನಾನು ಏನನ್ನು ಬೆರೆಸುತ್ತೇನೆ, ಯಾವ ಬಟ್ಟೆ ಬಳಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಐದು ವಾರದ ಕೂಲಿ ಅಷ್ಟಾದರೂ ಇರಲಿ.

ಒಂದನ್ನು ಮಾತ್ರ ಬಚ್ಚಿಡದೆ ಹೇಳುತ್ತೇನೆ, ಏಕೆಂದರೆ ಅದು ಗೊತ್ತಿಲ್ಲದೆ ನಾನೇ ಐದು ದಿನ ಹಾಳು ಮಾಡಿಕೊಂಡೆ. ಒಳಮೈಯನ್ನು ಕನ್ನಡಿ ಮಾಡುವ ಅಗತ್ಯವೇ ಇಲ್ಲ. ನೀರು ತುಂಬಿದಾಗ ಒಳಗಿನ ಸೂಕ್ಷ್ಮ ಗೆರೆಗಳಲ್ಲಿ ನೀರು ಕೂರುತ್ತದೆ. ಬೆಳಕನ್ನು ಬಾಗಿಸುವುದರಲ್ಲಿ ಅಕ್ರಿಲಿಕ್ಕಿಗೂ ಗಾಳಿಗೂ ಇರುವಷ್ಟು ಅಂತರ ಅಕ್ರಿಲಿಕ್ಕಿಗೂ ನೀರಿಗೂ ಇಲ್ಲವಾದ್ದರಿಂದ ಅವು ಹೆಚ್ಚುಕಡಿಮೆ ಮಾಯವಾಗುತ್ತವೆ. ಹಿಂಭಾಗದ ಒಳಮೈಯನ್ನು ಪರೀಕ್ಷೆಗೆಂದು 2000ದಲ್ಲಿಯೇ ನಿಲ್ಲಿಸಿದ್ದೆ. ನೀರು ತುಂಬಿದ ಮೇಲೆ ಪೂರ್ತಿ ಪಾಲಿಶ್ ಆದ ಮುಂಭಾಗಕ್ಕೂ ಅದಕ್ಕೂ ಭೇದ ಹೇಳುವುದು ಮಗನಿಗೂ ಆಗಲಿಲ್ಲ. ಹೊರಮೈಗೆ ಈ ರಿಯಾಯಿತಿ ಇಲ್ಲ.

ನಡುವೆ ಕೈ ಸುಮ್ಮನಿರದೆ ತಂದೆಯವರ ಹಳೆಯ ಎಚ್‌ಎಂಟಿ ಕೈಗಡಿಯಾರದ ಮೇಲೂ ಪ್ರಯೋಗ ಮಾಡಿದೆ. ಅದರ ‘ಗಾಜು’ ಕೂಡ ಅಕ್ರಿಲಿಕ್ಕೇ. 1500, 2000, ನಯ ಕಾಂಪೌಂಡು, ಹದಿನೈದು ನಿಮಿಷದಲ್ಲಿ ಮುಳ್ಳುಗಳು ಹೊಸದರಂತೆ ಕಂಡವು. ಸ್ಕೂಟರಿನ ಮಂಕಾದ ಹೆಡ್‌ಲೈಟ್ ಮಾತ್ರ ಕೈಕೊಟ್ಟಿತು. ಅದು ಪಾಲಿಕಾರ್ಬೊನೇಟ್, ಮೇಲಿನ ರಕ್ಷಣೆಯ ಲೇಪವನ್ನು ನಾನೇ ತಿಕ್ಕಿ ತೆಗೆದಿದ್ದರಿಂದ ಬೇಸಿಗೆ ಮುಗಿಯುವಷ್ಟರಲ್ಲಿ ಮತ್ತೆ ಹಳದಿಯಾಯಿತು. ಟ್ಯಾಂಕಿನ ಮೇಲಂಚಿಗೆ ಗ್ಯಾಸಿನ ಜ್ವಾಲೆ ಹಿಡಿದು ಹೊಳಪು ತರಿಸಿದ್ದೂ ಉಂಟು. ನೋಡಲು ಸೊಗಸಾಗಿಯೇ ಇತ್ತು, ಆದರೆ ಮನೆಯಲ್ಲಿ ಕಿಟಕಿಯ ಗಾಜು ಒರೆಸುವ ದ್ರವವನ್ನು ಅದಕ್ಕೂ ಹಚ್ಚಿದ ಮೇಲೆ ಅಂಚಿನುದ್ದಕ್ಕೂ ಕೂದಲಿನಂಥ ಬಿರುಕುಗಳು ಎದ್ದವು.

ಹಿಂದಿನ ಮೂಲೆಯ ಜೋಡಣೆಯಲ್ಲಿ ಗುಳ್ಳೆಗಳ ಸಾಲೊಂದು ಇದ್ದು, ಅಲ್ಲಿಂದ ನೀರು ಜಿನುಗುತ್ತಿತ್ತು. ಸಿಲಿಕೋನ್ ಹಚ್ಚಿದ್ದು ಎರಡು ದಿನದಲ್ಲಿ ಸಿಪ್ಪೆಯಂತೆ ಎದ್ದು ಬಂತು. ಆಗ ಅದೇ ಬೋರ್ಡಿನ ಹುಡುಗ ಬಂದು, ಬಾಗಿಲು ಕಿಟಕಿ ತೆಗೆಸಿ, ಅಕ್ರಿಲಿಕ್ಕನ್ನು ಕರಗಿಸಿ ಅಂಟಿಸುವ ಕ್ಲೋರೋಫಾರ್ಮನ್ನು ಸಿರಿಂಜಿನಿಂದ ಬಿಟ್ಟು ಬೆಸೆದುಕೊಟ್ಟ. ಈ ಕೆಲಸ ಪಾಲಿಶ್‌ಗಿಂತ ಮೊದಲೇ ಮುಗಿದಿರಬೇಕು.

ಲೆಕ್ಕ ನೆನಪಿನಿಂದ ಬರೆಯುತ್ತಿದ್ದೇನೆ: ಟ್ಯಾಂಕು 7,000, ಟೆಂಪೋ 700, ಕಾಗದಗಳು 1,200ರ ಸುತ್ತ, ಕಾಂಪೌಂಡು ಮತ್ತು ಪ್ಯಾಡು 1,500, ಹಾಳು ಮಾಡಿದ್ದು 2,300 ಇದ್ದೀತು. ಒಟ್ಟು 13,000ದ ಒಳಗೆ, ಕೈಗೆಲಸ ಸುಮಾರು 60 ತಾಸು. ಕೆಳಗೆ ಪೂರ್ತಿ ಹಲಗೆ, ಅದರ ಮೇಲೆ ಥರ್ಮೋಕೋಲ್ ಹಾಕಿ, 300 ಲೀಟರ್ ತುಂಬಿಸಿ ಏಳು ದಿನ ಅಂಗಳದಲ್ಲಿ ಇಟ್ಟು ನೋಡಿದ ಮೇಲೆಯೇ ಒಳಗೆ ತಂದೆ. ಬೋರ್ಡಿನ ಹುಡುಗ ಮುಂಭಾಗಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ, ‘ಹಾಳಿ ಬದಲಿ ಮಾಡೀರೇನ್ರಿ?’ ಎಂದು ಕೇಳಿದ. ಥಿನ್ನರಿನಿಂದ ಬಿರುಕು ಬಿಟ್ಟ ಬಲಮೂಲೆ ಅವನ ಕಣ್ಣಿಗೆ ಬೀಳಲಿಲ್ಲ; ಫಿಲ್ಟರಿನ ಕೊಳವೆಯನ್ನು ನಾನು ಅಲ್ಲಿಯೇ ಇಳಿಬಿಟ್ಟಿದ್ದೇನೆ.